ಬೀಜದೊಳಗಿನ ಗುಟ್ಟು



ಬೆಂಡೆಕಾಯಿ ನಮಗೆಲ್ಲ ಗೊತ್ತಿರುವ ತರಕಾರಿ. ಪಲ್ಯಕ್ಕೂ ಬರುತ್ತದೆ, ಗೊಜ್ಜಿಗೂ ಬರುತ್ತದೆ, ಹುಳಿಗೂ ಬರುತ್ತದೆ. ಹಿತ್ತಲಲ್ಲಿ ಹತ್ತು ಗಿಡ ಹಾಕಿದರೆ ಮನೆಗೆ ಸಾಕು. ಕಾಲು ಎಕರೆ ಹಾಕಿದರೆ ಸಂತೆಗೂ ಒಯ್ಯಬಹುದು. ಆದರೆ ಬೆಂಡೆ ಬೆಳೆಯುವವರಿಗೆಲ್ಲ ಒಂದು ಭಯ ಇದೆ. ಅದು ಹಳದಿ ನಂಜು ರೋಗ.

ನೀವೂ ನೋಡಿರಬಹುದು. ಗಿಡ ಮೊಣಕಾಲುದ್ದ ಬಂದಿರುತ್ತದೆ. ಒಂದು ದಿನ ಎಲೆಯ ನರಗಳು ಹಳದಿ ಆಗುತ್ತವೆ. ಹಸಿರು ಎಲೆಯ ಮೇಲೆ ಹಳದಿ ಬಲೆ ಹಾಸಿದ ಹಾಗೆ ಕಾಣುತ್ತದೆ. ಆಮೇಲೆ ಇಡೀ ಎಲೆಯೇ ಹಳದಿ. ಕಾಯಿ ಸಣ್ಣದಾಗುತ್ತದೆ, ಬಿಳಿಚಿಕೊಳ್ಳುತ್ತದೆ, ಗಟ್ಟಿಯಾಗುತ್ತದೆ. ಸಂತೆಯಲ್ಲಿ ಕೇಳುವವರೇ ಇರುವುದಿಲ್ಲ.

ಇನ್ನೊಂದು ವಿಚಿತ್ರ ನೋಡಿ. ಪಕ್ಕದ ಹೊಲದ ಬೆಂಡೆ ಹಸಿರಾಗಿಯೇ ಇರುತ್ತದೆ. ಅದೇ ಮಣ್ಣು, ಅದೇ ನೀರು, ಅದೇ ಗೊಬ್ಬರ. ಆದರೂ ಅಲ್ಲಿ ರೋಗ ಕಾಣುವುದಿಲ್ಲ. ಯಾಕೆ ಹೀಗೆ? ಈ ಪಾಠದಲ್ಲಿ ಅದನ್ನು ತಿಳಿಯೋಣ.

ತಪ್ಪು ಯಾರದು?

ಗಿಡ ಹಳದಿ ಆದ ಕೂಡಲೇ ಊರಲ್ಲಿ ಮಾತು ಶುರುವಾಗುತ್ತದೆ. "ಯಾರದೋ ಕಣ್ಣು ಬಿತ್ತು" ಅಂತ ಒಬ್ಬರು. "ಮುಟ್ಟಾದವಳು ಹೊಲಕ್ಕೆ ಕಾಲಿಟ್ಟಳು" ಅಂತ ಇನ್ನೊಬ್ಬರು. ಕೊನೆಗೆ ತಪ್ಪು ಬಂದು ಕೂರುವುದು ಹೆಂಗಸಿನ ತಲೆಯ ಮೇಲೆ. ಬೀಜ ಬಿತ್ತುವವಳು ಅವಳು. ಕಳೆ ಕೀಳುವವಳು ಅವಳು. ಕಾಯಿ ಬಿಡಿಸುವವಳು ಅವಳು. ಬೈಸಿಕೊಳ್ಳುವವಳೂ ಅವಳೇ.

ಈ ಮಾತಿನಲ್ಲಿ ಸತ್ಯ ಇಲ್ಲ. ಮುಟ್ಟಿಗೂ ಈ ರೋಗಕ್ಕೂ ಏನೇನೂ ಸಂಬಂಧ ಇಲ್ಲ. ಈ ರೋಗ ನಮ್ಮ ಕೈ ಮುಟ್ಟಿದರೆ ಹರಡುವಂಥದ್ದಲ್ಲ. ಕಣ್ಣು ಬಿದ್ದರೆ ಬರುವಂಥದ್ದೂ ಅಲ್ಲ. ಹಾಗಾದರೆ ಬರುವುದು ಹೇಗೆ?

ಕಣ್ಣಿಗೆ ಕಾಣದ ನಂಜಾಣು

ಈ ರೋಗಕ್ಕೆ ಕಾರಣ ಒಂದು ನಂಜಾಣು. ಇದನ್ನು ವೈರಸ್ ಅಂತಲೂ ಕರೆಯುತ್ತಾರೆ. ಇದು ತುಂಬಾ ತುಂಬಾ ಚಿಕ್ಕದು. ಒಂದು ಸೂಜಿಯ ಮೊನೆಯ ಮೇಲೆ ಲಕ್ಷಗಟ್ಟಲೆ ನಂಜಾಣುಗಳು ಕೂರಬಹುದು.

ನಂಜಾಣುವಿಗೆ ಸ್ವಂತ ಮನೆ ಇಲ್ಲ, ಸ್ವಂತ ಒಲೆ ಇಲ್ಲ. ಕರೆಯದೇ ಬಂದ ನೆಂಟನ ಹಾಗೆ ಗಿಡದೊಳಗೆ ಸೇರುತ್ತದೆ. ಗಿಡದ ಒಲೆಯಲ್ಲೇ ಅಡುಗೆ ಮಾಡಿಕೊಳ್ಳುತ್ತದೆ. ತನ್ನಂಥದೇ ಸಾವಿರಾರು ನಂಜಾಣುಗಳನ್ನು ಹುಟ್ಟಿಸುತ್ತದೆ. ಎಲೆಯ ನರಗಳಲ್ಲಿ ಗಿಡದ ಆಹಾರ ಹರಿಯುತ್ತದೆ. ಈ ನಂಜಾಣು ಇರುವುದು ಹೆಚ್ಚಾಗಿ ಅಲ್ಲೇ. ಅದಕ್ಕೇ ಮೊದಲು ನರ ಹಳದಿ ಆಗುತ್ತದೆ.

ಒಂದು ಗಿಡದಿಂದ ಇನ್ನೊಂದು ಗಿಡಕ್ಕೆ ಇದನ್ನು ಒಯ್ಯುವುದು ಬಿಳಿ ನೊಣ. ಎಲೆಯನ್ನು ತಿರುಗಿಸಿ ಕೆಳಭಾಗ ನೋಡಿ. ಅಲ್ಲಿ ಪುಟ್ಟ ಪುಟ್ಟ ಬಿಳಿ ನೊಣಗಳು ಕೂತಿರುತ್ತವೆ. ಗಿಡ ಅಲ್ಲಾಡಿಸಿದರೆ ಹಿಟ್ಟು ಹಾರಿದ ಹಾಗೆ ಹಾರುತ್ತವೆ. ರೋಗದ ಗಿಡದ ರಸ ಹೀರಿದ ನೊಣ ಬಹಳ ದಿನದವರೆಗೆ ರೋಗ ಹರಡಬಲ್ಲದು.

ಈ ರೋಗ ಹೊಸದಲ್ಲ. 1924ರಲ್ಲೇ ಆಗಿನ ಬೊಂಬಾಯಿ ಪ್ರಾಂತ್ಯದಲ್ಲಿ ಇದನ್ನು ಗುರುತಿಸಿ ಬರೆದಿಟ್ಟಿದ್ದಾರೆ.

ಕಲಿಕಾ ಕೇಂದ್ರಗಳಲ್ಲಿ ಈ ಮಾತು ಬಂದಾಗ ಅಕ್ಕಂದಿರು ನಮ್ಮನ್ನು ಕೇಳುವುದುಂಟು: "ಟೀಚರ್, ರೋಗದ ಗಿಡದ ಕಾಯಿ ತಿಂದರೆ ನಮಗೂ ರೋಗ ಬರುತ್ತಾ?" ಬರುವುದಿಲ್ಲ. ಈ ನಂಜಾಣು ಗಿಡದ್ದು. ಮನುಷ್ಯರಿಗೆ ತಗಲುವುದಿಲ್ಲ. ಆದರೆ ಔಷಧಿ ಹೊಡೆದ ಕಾಯಿಯ ವಿಚಾರ ಬೇರೆ. ಅದರಲ್ಲಿ ವಿಷ ಉಳಿದಿರಬಹುದು.

ತಾಯಿಯಂತೆ ಮಗಳು, ನೂಲಿನಂತೆ ಸೀರೆ

ಈಗ ಮೊದಲ ಪ್ರಶ್ನೆಗೆ ಬರೋಣ. ಬಿಳಿ ನೊಣ ಎರಡೂ ಹೊಲಕ್ಕೆ ಹೋಗುತ್ತದೆ. ನಂಜಾಣುವೂ ಒಂದೇ. ಆದರೂ ಒಂದು ಹೊಲ ಹಳದಿ, ಇನ್ನೊಂದು ಹಸಿರು. ಇದರ ಗುಟ್ಟು ಬೀಜದೊಳಗೆ ಇರಬಹುದು.

"ತಾಯಿಯಂತೆ ಮಗಳು, ನೂಲಿನಂತೆ ಸೀರೆ" ಅಂತ ನಮ್ಮ ಹಿರಿಯರು ಹೇಳುತ್ತಾರೆ. ಮಗಳಿಗೆ ತಾಯಿಯ ಕಣ್ಣು, ತಂದೆಯ ಮೂಗು ಬರುವುದನ್ನು ನಾವು ನೋಡಿದ್ದೇವೆ. ಗಿಡಕ್ಕೂ ಹಾಗೇ. ಪ್ರತಿ ಬೀಜದೊಳಗೆ ಒಂದು ಬರಹ ಇದೆ ಅಂದುಕೊಳ್ಳಿ. ಕಾಯಿ ಉದ್ದವೋ ಗಿಡ್ಡವೋ, ಹೂವಿನ ಬಣ್ಣ ಯಾವುದು, ಗಿಡ ಎಷ್ಟು ಎತ್ತರ, ಎಲ್ಲ ಅದರಲ್ಲಿ ಬರೆದಿರುತ್ತದೆ. ಈ ಬರಹದ ಒಂದೊಂದು ಸಾಲಿಗೆ ವಂಶವಾಹಿ ಅನ್ನುತ್ತಾರೆ. ಜೀನು ಅಂತಲೂ ಹೇಳುತ್ತಾರೆ. ಒಂದು ಪಾಲು ತಾಯಿ ಗಿಡದಿಂದ ಬರುತ್ತದೆ. ಇನ್ನೊಂದು ಪಾಲು ಪರಾಗ ಕೊಟ್ಟ ತಂದೆ ಗಿಡದಿಂದ ಬರುತ್ತದೆ.

ನಂಜಾಣು ಒಳಗೆ ಬಂದಾಗ ಏನು ಮಾಡಬೇಕು ಅನ್ನುವುದೂ ಈ ಬರಹದಲ್ಲಿ ಇರುತ್ತದೆ. ಕೆಲವು ಗಿಡಗಳಲ್ಲಿ ಆ ಸಾಲು ಚೆನ್ನಾಗಿದೆ. ಕೆಲವು ಗಿಡಗಳಲ್ಲಿ ಆ ಸಾಲೇ ಇಲ್ಲ.

ಅಂದರೆ ನಮ್ಮ ಕಣ್ಣಿಗೆ ಕಾಣುವ ರೋಗವನ್ನು ನಂಜಾಣು ಒಂದೇ ಮಾಡುವುದಿಲ್ಲ. ನಂಜಾಣು ಮತ್ತು ಗಿಡದ ವಂಶವಾಹಿ, ಎರಡೂ ಸೇರಿ ಮಾಡುತ್ತವೆ. ಇದೇ ಈ ಪಾಠದ ಮುಖ್ಯ ಮಾತು.

ಮೂರು ಬಗೆಯ ಗಿಡ

ಒಂದು: ತುತ್ತಾಗುವ ಗಿಡ. ನಂಜಾಣು ಬಂತು, ಬೆಳೆಯಿತು, ಎಲೆ ಹಳದಿ ಆಯಿತು.

ಎರಡು: ತಾಳಿಕೊಳ್ಳುವ ಗಿಡ. ನಂಜಾಣು ಒಳಗೆ ಇರುತ್ತದೆ. ಆದರೆ ಎಲೆ ಹಸಿರಾಗೇ ಇರುತ್ತದೆ. ಕಾಯಿಯೂ ಬಿಡುತ್ತದೆ. ಹೊರಗೆ ಏನೂ ಗೊತ್ತಾಗುವುದಿಲ್ಲ.

ಮೂರು: ತಡೆಯುವ ಗಿಡ. ನಂಜಾಣು ಬಂದರೂ ಬೆಳೆಯಲು ಬಿಡುವುದಿಲ್ಲ.

ಎರಡನೆಯ ಮತ್ತು ಮೂರನೆಯ ಗಿಡ ನೋಡಲು ಒಂದೇ ಥರ ಇರುತ್ತವೆ. ಎರಡೂ ಹಸಿರು. ಆದರೆ ಒಳಗಿನ ಕಥೆ ಬೇರೆ. ತಾಳಿಕೊಳ್ಳುವ ಗಿಡದಿಂದ ನಮಗೆ ಲಾಭ ಇದೆ, ಕಾಯಿ ಸಿಗುತ್ತದೆ. ಆದರೆ ಬಿಳಿ ನೊಣ ಅದರ ರಸ ಹೀರಿ ಪಕ್ಕದವರ ಹೊಲಕ್ಕೆ ನಂಜಾಣು ಒಯ್ಯಬಹುದು. ಆದ್ದರಿಂದ ಎಲೆ ಹಸಿರು ಇದೆ ಅಂದರೆ ಒಳಗೆ ರೋಗ ಇಲ್ಲ ಅಂತ ಅಲ್ಲ.

ಪೂಸಾ ಸಾವನಿಯ ಕಥೆ

ಇದು ದೆಹಲಿಯಲ್ಲಿ ನಡೆದ ಸಂಗತಿ. 1950ರ ದಶಕದಲ್ಲಿ ಅಲ್ಲಿನ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ಹಳದಿ ನಂಜು ಬಾರದ ಬೆಂಡೆಗಾಗಿ ಹುಡುಕಿದರು. ಪಶ್ಚಿಮ ಬಂಗಾಳದಿಂದ ತಂದ ಒಂದು ಬೆಂಡೆ ಅವರ ಕಣ್ಣಿಗೆ ಬಿತ್ತು. ಸುತ್ತ ರೋಗ ಇದ್ದರೂ ಅದರ ಎಲೆ ಹಸಿರಾಗಿತ್ತು. ಅದು ತಾಳಿಕೊಳ್ಳುವ ಜಾತಿಯದು. ನಂಜಾಣು ಒಳಗೆ ಇದ್ದರೂ ಹೊರಗೆ ತೋರಿಸುತ್ತಿರಲಿಲ್ಲ.

ಆ ಬೆಂಡೆಯನ್ನು ಪೂಸಾ ಮಖಮಲಿ ಎಂಬ ಒಳ್ಳೆಯ ಬೆಂಡೆಯ ಜೊತೆ ಕೂಡಿಸಿದರು. ಅದರಿಂದ ಬಂದ ತಳಿಯೇ ಪೂಸಾ ಸಾವನಿ. ಈ ತಳಿ ದೇಶದ ತುಂಬ ಹರಡಿತು. ರೈತರು ಸಂತೋಷಪಟ್ಟರು.

ಆದರೆ ಆ ಸಂತೋಷ ಬಹಳ ಕಾಲ ಉಳಿಯಲಿಲ್ಲ. ವರ್ಷ ಕಳೆದ ಹಾಗೆ ಪೂಸಾ ಸಾವನಿಯಲ್ಲೂ ಹಳದಿ ಕಾಣಿಸಿತು. ಇಂದು ಅದು ಈ ರೋಗಕ್ಕೆ ಬಲು ಬೇಗ ತುತ್ತಾಗುವ ತಳಿ. ಈಗ ಸಂಶೋಧಕರು ಹೊಸ ತಳಿಯನ್ನು ಪರೀಕ್ಷೆ ಮಾಡುವಾಗ ಪಕ್ಕದಲ್ಲಿ ಪೂಸಾ ಸಾವನಿ ಬಿತ್ತುತ್ತಾರೆ. ಯಾಕೆ ಗೊತ್ತೇ? ಅದಕ್ಕೆ ರೋಗ ಖಂಡಿತ ಬರುತ್ತದೆ, ಹೋಲಿಸಿ ನೋಡಬಹುದು ಅಂತ!

ಹೀಗೆ ಯಾಕೆ ಆಗುತ್ತದೆ? ನಂಜಾಣುವಿನೊಳಗೂ ಒಂದು ಚಿಕ್ಕ ಬರಹ ಇದೆ. ಅದು ಹೆಚ್ಚುವಾಗ ಆ ಬರಹವನ್ನು ಮತ್ತೆ ಮತ್ತೆ ನಕಲು ಮಾಡುತ್ತದೆ. ನಕಲು ಬರೆಯುವಾಗ ನಮಗೆ ಅಕ್ಷರ ತಪ್ಪುವುದಿಲ್ಲವೇ? ಅದಕ್ಕೂ ತಪ್ಪುತ್ತದೆ. ಎಷ್ಟೋ ತಪ್ಪುಗಳಿಂದ ನಂಜಾಣುವಿಗೆ ಲಾಭ ಇಲ್ಲ. ಆದರೆ ಒಂದೊಂದು ಸಲ ಒಂದು ತಪ್ಪು ಅದಕ್ಕೆ ವರವಾಗುತ್ತದೆ. ಗಿಡದ ಹಳೆಯ ತಡೆ ಅದಕ್ಕೆ ನಾಟುವುದಿಲ್ಲ.

ಕಾಡು ಬೆಂಡೆಯ ಉಪಕಾರ

ಮನೆ ಬೆಂಡೆಯಲ್ಲಿ ಸಿಗದ ಗುಣ ಕಾಡು ಬೆಂಡೆಯಲ್ಲಿ ಸಿಕ್ಕಿತು. ಬೆಂಡೆಯ ಸೋದರ ಸಂಬಂಧಿಗಳು ಕಾಡುಮೇಡಿನಲ್ಲಿ ತಾವೇ ಬೆಳೆಯುತ್ತವೆ. ಅವಕ್ಕೆ ಯಾರೂ ನೀರು ಹಾಕುವುದಿಲ್ಲ, ಔಷಧಿ ಹೊಡೆಯುವುದಿಲ್ಲ. ಅವುಗಳಲ್ಲಿ ಕೆಲವು ಹಳದಿ ನಂಜನ್ನು ತಡೆಯುತ್ತವೆ.

1980ರ ದಶಕದಲ್ಲಿ ನಮ್ಮ ಬೆಂಗಳೂರಿನ ಹತ್ತಿರ ಹೆಸರಘಟ್ಟದಲ್ಲಿ ಈ ಕೆಲಸ ನಡೆಯಿತು. ಅಲ್ಲಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಮನೆ ಬೆಂಡೆಯನ್ನು ಕಾಡು ಬೆಂಡೆಯ ಜೊತೆ ಕೂಡಿಸಿದರು. ಇದು ಸುಲಭದ ಕೆಲಸ ಅಲ್ಲ. ಇಂಥ ಮಿಶ್ರ ಗಿಡದಲ್ಲಿ ಬೀಜ ಕಟ್ಟುವುದೇ ಕಷ್ಟ. ಮತ್ತೆ ಮತ್ತೆ ಮನೆ ಬೆಂಡೆಯ ಜೊತೆ ಕೂಡಿಸಬೇಕು. ಕಾಡು ಗುಣ ಬಿಡಿಸಬೇಕು, ರೋಗ ತಡೆಯುವ ಗುಣ ಮಾತ್ರ ಉಳಿಸಬೇಕು. ಅಕ್ಕಿಯಿಂದ ಕಲ್ಲು ಆರಿಸುವಷ್ಟೇ ತಾಳ್ಮೆ ಬೇಕು. ಹೀಗೆ ಬಂದ ತಳಿಗಳು ಅರ್ಕಾ ಅನಾಮಿಕಾ ಮತ್ತು ಅರ್ಕಾ ಅಭಯ್.

ಮಹಾರಾಷ್ಟ್ರದ ಪರಭಣಿಯಲ್ಲೂ ಅದೇ ದಶಕದಲ್ಲಿ ಇನ್ನೊಂದು ಕಾಡು ಬೆಂಡೆಯಿಂದ ಪರಭಣಿ ಕ್ರಾಂತಿ ಎಂಬ ತಳಿ ಬಂತು. ತಡೆಯುವ ಗುಣ ಒಂದೇ ಒಂದು ವಂಶವಾಹಿಯಿಂದ ಬರುತ್ತದೆ ಅಂತ ಅಲ್ಲಿನವರು 1981ರಲ್ಲಿ ಬರೆದರು. ನೋಡಿ, ಬರಹದ ಒಂದು ಸಾಲು ಇಡೀ ಹೊಲದ ಬಣ್ಣ ಬದಲಿಸಬಲ್ಲದು!

ಆದರೆ ಒಂದೇ ಸಾಲನ್ನು ನಂಬಿ ಕೂರುವಂತಿಲ್ಲ. ಅರ್ಕಾ ಅನಾಮಿಕಾಗೂ ಈಗ ಹಲವು ಕಡೆ ರೋಗ ಬರುತ್ತಿದೆ. ಆದ್ದರಿಂದ ಹೊಸ ವಂಶವಾಹಿಗಳ ಹುಡುಕಾಟ ನಿಂತಿಲ್ಲ. ಕಾಡು ಬೆಂಡೆ ನಮಗೆ ಕಳೆ ಗಿಡ ಅನ್ನಿಸಬಹುದು. ಆದರೆ ಅದು ನಾಳಿನ ಬೀಜದ ಕಣಜ.

ವಂಶವಾಹಿ ಹೇಗೆ ತಡೆಯುತ್ತದೆ?

ಇದನ್ನು ಟೊಮೆಟೊ ಗಿಡದಿಂದ ತಿಳಿಯೋಣ. ಟೊಮೆಟೊಗೆ ಎಲೆ ಮುಟುರು ರೋಗ ಬರುತ್ತದೆ. ಎಲೆ ಮುದುಡಿ, ಗಿಡ ಗಿಡ್ಡವಾಗಿ ನಿಂತುಬಿಡುತ್ತದೆ. ಇದನ್ನು ಹರಡುವುದೂ ಬಿಳಿ ನೊಣವೇ. ಈ ರೋಗವನ್ನು ತಡೆಯುವ ವಂಶವಾಹಿಗಳ ಕೆಲಸ ಈಗ ಚೆನ್ನಾಗಿ ತಿಳಿದಿದೆ. ಅವು ಮೂರು ರೀತಿಯಲ್ಲಿ ಕೆಲಸ ಮಾಡುತ್ತವೆ.

ಒಂದು ವಂಶವಾಹಿ ಕಾವಲುಗಾರನ ಹಾಗೆ. ನಂಜಾಣುವಿನ ಗುರುತು ಹಿಡಿದು ಗಿಡವನ್ನು ಎಬ್ಬಿಸುತ್ತದೆ.

ಇನ್ನೊಂದು ವಂಶವಾಹಿ ಮಸಿ ಬಳಿಯುವವನ ಹಾಗೆ. ನಂಜಾಣುವಿನ ಬರಹಕ್ಕೆ ಮಸಿ ಬಳಿದು ಓದಲಾಗದಂತೆ ಮಾಡುತ್ತದೆ. ಓದಲಾಗದಿದ್ದರೆ ನಕಲು ಮಾಡುವುದು ಕಷ್ಟ. ನಂಜಾಣು ಸ್ವಲ್ಪ ಉಳಿದರೂ ಹೆಚ್ಚುವುದಿಲ್ಲ. ಎಲೆಯೂ ಮುದುಡುವುದಿಲ್ಲ. ಈ ವಂಶವಾಹಿ ಬಂದದ್ದು ದಕ್ಷಿಣ ಅಮೆರಿಕದ ಒಂದು ಕಾಡು ಟೊಮೆಟೊದಿಂದ. ಅದು ಯಾವುದು ಅಂತ 2013ರಲ್ಲಿ ಖಚಿತವಾಗಿ ಗುರುತಿಸಿದರು.

ಮೂರನೆಯದು ಪಾತ್ರೆ ಬಚ್ಚಿಟ್ಟವಳ ಹಾಗೆ. ನಂಜಾಣುವಿಗೆ ಅಡುಗೆ ಮಾಡಲು ಗಿಡದ ಪಾತ್ರೆ ಬೇಕು. ಕೆಲವು ಗಿಡದಲ್ಲಿ ಆ ಪಾತ್ರೆಯ ಆಕಾರವೇ ಬೇರೆ. ನಂಜಾಣುವಿಗೆ ಅಡುಗೆ ಸಾಗುವುದಿಲ್ಲ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು 2000ದ ದಶಕದ ಆರಂಭದಲ್ಲಿ ಈ ರೋಗ ತಡೆಯುವ ಟೊಮೆಟೊ ತಳಿಗಳನ್ನು ಕೊಟ್ಟರು. ಅವುಗಳ ಹೆಸರು ನಂದಿ, ವೈಭವ, ಸಂಕ್ರಾಂತಿ.

ನಾವು ಏನು ಮಾಡಬೇಕು?

ನಂಜಾಣು ಒಳಗೆ ಸೇರಿದ ಮೇಲೆ ಅದನ್ನು ಕೊಲ್ಲುವ ಔಷಧಿ ಇಲ್ಲ. ಅಂಗಡಿಯ ಔಷಧಿ ಕೊಲ್ಲುವುದು ನೊಣವನ್ನು, ನಂಜಾಣುವನ್ನಲ್ಲ. ಹಳದಿ ಆದ ಎಲೆಗೆ ಎಷ್ಟು ಹೊಡೆದರೂ ದುಡ್ಡು ದಂಡ. ಹೊಡೆಯುವವರಿಗೂ ಕಾಯಿ ಬಿಡಿಸುವವರಿಗೂ ವಿಷ. ಆದ್ದರಿಂದ ಬೀಜ ಆರಿಸುವಾಗಲೇ ಎಚ್ಚರ ಬೇಕು.

1. ಬೀಜ ಕೊಳ್ಳುವ ಮುಂಚೆ ಕೇಳಿ. ರೈತ ಸಂಪರ್ಕ ಕೇಂದ್ರ, ತೋಟಗಾರಿಕೆ ಇಲಾಖೆ ಅಥವಾ ಕೃಷಿ ವಿಜ್ಞಾನ ಕೇಂದ್ರದಲ್ಲಿ ಹೀಗೆ ಕೇಳಿ: "ಈಗ ನಮ್ಮ ಕಡೆ ಹಳದಿ ನಂಜು ತಡೆಯುವ ಬೆಂಡೆ ಯಾವುದು?" ಹೋದ ಸಲದ ಹೆಸರು ಈ ಸಲಕ್ಕೆ ಆಗದೇ ಇರಬಹುದು.

2. ಬೀಜದ ಪೊಟ್ಟಣ ಓದಿ. ಈಗ ನಿಮಗೆ ಓದು ಬರುತ್ತದೆ. ತಳಿಯ ಹೆಸರು ನೋಡಿ. ಬಳಸುವ ಕೊನೆಯ ತಾರೀಖು ನೋಡಿ. ನೂರಕ್ಕೆ ಎಷ್ಟು ಮೊಳೆಯುತ್ತದೆ ಅಂತ ನೋಡಿ. "ವಿಷ ಲೇಪಿಸಿದೆ" ಎಂದು ಇದ್ದರೆ ಆ ಬೀಜವನ್ನು ತಿನ್ನಬಾರದು. ಪೊಟ್ಟಣ ಮತ್ತು ರಸೀದಿ ಎರಡನ್ನೂ ಎತ್ತಿಡಿ. ಬೆಳೆ ಕೈಕೊಟ್ಟರೆ ದೂರು ಕೊಡಲು ಅವೇ ಸಾಕ್ಷಿ.

3. ಹೈಬ್ರಿಡ್ ಬೀಜದ ಕಾಯಿಯಿಂದ ಬೀಜ ಉಳಿಸಬೇಡಿ. ತಡೆಯುವ ಸಾಲು ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ಬಂದಿದ್ದರೆ, ಮುಂದಿನ ಸಲ ಸುಮಾರು 4 ಗಿಡಗಳಲ್ಲಿ 1 ಗಿಡಕ್ಕೆ ಅದು ಸಿಗುವುದೇ ಇಲ್ಲ.

4. ಹೈಬ್ರಿಡ್ ಅಲ್ಲದ ತಳಿಯಾದರೆ ಬೀಜ ಉಳಿಸಬಹುದು. ಪೂರ್ತಿ ಆರೋಗ್ಯವಾಗಿರುವ ಗಿಡ ಆರಿಸಿ ದಾರ ಕಟ್ಟಿ. ಬೇರೆ ತಳಿಯ ಬೆಂಡೆ ಹತ್ತಿರ ಇರಬಾರದು. ಜೇನುನೊಣ ಪರಾಗ ತಂದು ಬೆರೆಸುತ್ತದೆ.

5. ದಿನವೂ ಹೊಲ ನೋಡಿ. ಚಿಕ್ಕ ಗಿಡದಲ್ಲಿ ಹಳದಿ ಕಂಡರೆ ಕೂಡಲೇ ಕಿತ್ತು ಹೂಳಿ. ಬದುವಿನ ಕಳೆ ತೆಗೆಯಿರಿ. ಹೊಲದ ಸುತ್ತ ಎರಡು ಸಾಲು ಜೋಳ ಅಥವಾ ಮುಸುಕಿನ ಜೋಳ ಬಿತ್ತಿ. ಅದು ನೊಣಕ್ಕೆ ಗೋಡೆಯಾಗುತ್ತದೆ.

6. ನೊಣ ಹೆಚ್ಚಾದರೆ ಬೇವಿನ ಬೀಜದ ಕಷಾಯ ಸಿಂಪಡಿಸಿ. ಒಂದು ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ತಿರುಳು. ಜಜ್ಜಿ, ರಾತ್ರಿ ನೆನೆಸಿ, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ.

ಲೆಕ್ಕ ಮಾಡೋಣ

ಚಿಕ್ಕ ಗಿಡಕ್ಕೆ ರೋಗ ಬಂದರೆ ನಷ್ಟ ಹೆಚ್ಚು. 1974ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೀಗೆ ಹೇಳುತ್ತದೆ. ಮೊಳೆತ 50 ದಿನಕ್ಕೆ ರೋಗ ತಗುಲಿದರೆ ನೂರಕ್ಕೆ 84 ಪಾಲು ಇಳುವರಿ ನಷ್ಟ. 65 ದಿನಕ್ಕೆ ತಗುಲಿದರೆ ನೂರಕ್ಕೆ 49 ಪಾಲು ನಷ್ಟ.

ರೋಗ ಇಲ್ಲದಿದ್ದರೆ 100 ಕಿಲೋ ಕಾಯಿ ಬರುತ್ತಿತ್ತು ಅಂದುಕೊಳ್ಳಿ. ಕಿಲೋಗೆ 20 ರೂಪಾಯಿ ಅಂದುಕೊಳ್ಳಿ.

ರೋಗ ಇಲ್ಲದಿದ್ದರೆ: 100 × 20 = 2000 ರೂಪಾಯಿ.
50 ದಿನಕ್ಕೆ ರೋಗ ಬಂದರೆ: 100 − 84 = 16 ಕಿಲೋ. 16 × 20 = 320 ರೂಪಾಯಿ.
65 ದಿನಕ್ಕೆ ರೋಗ ಬಂದರೆ: 100 − 49 = ___ ಕಿಲೋ. ___ × 20 = ______ ರೂಪಾಯಿ.

ಕೊನೆಯ ಸಾಲನ್ನು ನೀವೇ ತುಂಬಿ.

ನೆನಪಿಡಿ

ಹಳದಿ ನಂಜಿಗೆ ಕಾರಣ ನಂಜಾಣು. ಹರಡುವುದು ಬಿಳಿ ನೊಣ. ರೋಗ ಎಷ್ಟು ಕಾಣುತ್ತದೆ ಅನ್ನುವುದು ಗಿಡದ ವಂಶವಾಹಿಯ ಮೇಲೂ ನಿಂತಿದೆ. ಹೆಂಗಸಿನ ಮುಟ್ಟು ಕಾರಣ ಅಲ್ಲ. ಯಾರಾದರೂ ಹಾಗೆ ಅಂದರೆ ಎಲೆಯ ಕೆಳಭಾಗ ತಿರುಗಿಸಿ ತೋರಿಸಿ.

ಹೊಸ ಪದಗಳು

ನಂಜಾಣು: ಕಣ್ಣಿಗೆ ಕಾಣದ ರೋಗದ ಕಣ, ವೈರಸ್
ವಂಶವಾಹಿ: ತಂದೆ ತಾಯಿಯಿಂದ ಬರುವ ಗುಣದ ಬರಹ, ಜೀನು
ತಳಿ: ಒಂದೇ ಬೆಳೆಯ ಒಂದು ಬಗೆ
ಪರಾಗ: ಹೂವಿನ ಪುಡಿ
ಇಳುವರಿ: ಹೊಲದಿಂದ ಬರುವ ಫಸಲು

ಓದಿ, ಉತ್ತರ ಹೇಳಿ

1. ಹಳದಿ ನಂಜು ಒಂದು ಗಿಡದಿಂದ ಇನ್ನೊಂದಕ್ಕೆ ಹೇಗೆ ಹೋಗುತ್ತದೆ?
2. ತಾಳಿಕೊಳ್ಳುವ ಗಿಡಕ್ಕೂ ತಡೆಯುವ ಗಿಡಕ್ಕೂ ಏನು ವ್ಯತ್ಯಾಸ?
3. ಪೂಸಾ ಸಾವನಿಗೆ ಆಮೇಲೆ ರೋಗ ಯಾಕೆ ಬಂತು?
4. ಹೈಬ್ರಿಡ್ ಬೆಂಡೆಯ ಬೀಜ ಯಾಕೆ ಉಳಿಸಬಾರದು?

ಗುಂಪಿನಲ್ಲಿ ಮಾಡಿ

ಮುಂದಿನ ತರಗತಿಗೆ ಒಂದು ಬೀಜದ ಪೊಟ್ಟಣ ತನ್ನಿ. ಖಾಲಿಯಾದರೂ ಸರಿ. ಎಲ್ಲರೂ ಸೇರಿ ಅದನ್ನು ಗಟ್ಟಿಯಾಗಿ ಓದಿ. ತಳಿಯ ಹೆಸರು, ತಾರೀಖು, ಬೆಲೆ ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ. ಆ ತಳಿ ಹಾಕಿದವರು ನಿಮ್ಮಲ್ಲಿ ಇದ್ದರೆ, ಅವರ ಹೊಲದಲ್ಲಿ ಗಿಡ ಹೇಗಿತ್ತು ಅಂತ ಕೇಳಿ, ಅದನ್ನೂ ಬರೆಯಿರಿ. ಆ ಬರಹ ಮುಂದಿನ ಬಿತ್ತನೆಗೆ ನಿಮ್ಮೂರ ಎಲ್ಲರಿಗೂ ಬೇಕಾಗುತ್ತದೆ.